ಬೆಳಕು ಸೋರುವ ಜಾಗ

ಸಂಜೆ ನಾಲ್ಕಕ್ಕೆಲ್ಲ ಕೋಯಿಪ್ಪಾಡಿ ಕಡಲತಡಿಯಲ್ಲಿ
ಸ್ಟೇಜು ಎದ್ದು ನಿಂತಿತ್ತು. ಕಂಬ ಮರಳಿಗಿಳಿಯದ ಹಾಗೆ
ಬುಡಕ್ಕೆ ತೆಂಗಿನ ಹಲಗೆ ಕೊಟ್ಟಿದ್ದೆವು,
ಉಪ್ಪುಗಾಳಿಗೆ ಹೆದರಿ ಕೇಬಲ್ಲಿನ ಬಾಯಿಗೆಲ್ಲ
ಪ್ಲಾಸ್ಟಿಕ್ಕು ಸುತ್ತಿದ್ದೆವು.
ನನ್ನ ಕಸುಬು ಇಷ್ಟೇ. ಉರೂಸಿಗೂ, ಬಯಲಾಟಕ್ಕೂ, ಓಟಿನ ಭಾಷಣಕ್ಕೂ
ಅದೇ ಕಪ್ಪು ಪೆಟ್ಟಿಗೆ, ಅದೇ ಹಲೋ ಹಲೋ.

ಜಾಝ್ ಅಂದರೆ ಎಂತದು ಎಂದು ಕೇಳಿದೆ.
ಕಮಿಟಿಯ ಸಿಪ್ರಿಯನ್ ಕ್ರಾಸ್ತಾ ಕುರ್ಚಿ ಎಣಿಸುತ್ತ ಹೇಳಿದರು:
ಅರ್ಧ ಮೊದಲೇ ಗೊತ್ತಿರುವುದು,
ಉಳಿದರ್ಧ ಅಲ್ಲೇ, ಎದುರಿನವನ ಮಾತು ಕೇಳಿ
ಹುಟ್ಟಿಸಿಕೊಳ್ಳುವುದು.
ಹಾಗಾದರೆ ತಾಳಮದ್ದಳೆ, ಎಂದೆ.
ಅವರು ಎಣಿಕೆ ತಪ್ಪಿ ಮತ್ತೆ ಒಂದರಿಂದ ಶುರುಮಾಡಿದರು.

ಐದಕ್ಕೆ ಮಡಗಾಂವದ ಇಮೆಲ್ಡಾ ಸ್ಯಾಕ್ಸೋಫೋನ್ ಊದಿ ನೋಡಿದಳು.
ಮೇಲಿನ ಸ್ವರಗಳು ಬೂತಾಯಿಯ ಹಾಗೆ ಮಿಂಚಿ ಹಾರಿದವು.
ಕೆಳಕೆಳಗಿಳಿದಂತೆ ನಾದ ಒಡೆಯಿತು,
ಕೊನೆಗೆ ಬರೀ ಗಾಳಿ, ಗೊರಗೊರ,
ಮಳೆಗಾಲದ ಮುದುಕನ ಎದೆ.
ಏಳೂವರೆಗೆ ಮೊದಲ ಸರದಿ ಇವಳದೇ.
ಸ್ಕೂಟರ್ ಹತ್ತಿ, ಎಂದೆ.

ಅವಳಿಗೆ ಗೊತ್ತಿರಲಿಲ್ಲ: ನಮ್ಮ ಕಡೆ
ಈ ವಾದ್ಯ ಊದದೆ ಧಾರೆಯ ನೀರು ಬೀಳುವುದಿಲ್ಲ,
ದೇವರ ಬಲಿ ಸುತ್ತು ಬರುವುದಿಲ್ಲ;
ಕುಂಬಳೆಯ ಮೀನುಪೇಟೆ ಹಿಂದೆ, ಟೈಲರಂಗಡಿಯ ಅಟ್ಟದಲ್ಲಿ
ಇದರ ವೈದ್ಯರೊಬ್ಬರಿದ್ದಾರೆ, ಐತ್ತಪ್ಪ ಶೇರಿಗಾರರು,
ಮೇಲಿನ ಸಾಲಿನ ಹಲ್ಲು ಬಿದ್ದ ಮೇಲೆ ಊದುವುದು ಬಿಟ್ಟವರು.
ರೈಲ್ವೇ ಗೇಟು ಬಿದ್ದಿತ್ತು. ಗೂಡ್ಸು ಗಾಡಿ.
ನಲವತ್ತೆರಡು ಡಬ್ಬಿ ಅವಳೂ ಎಣಿಸಿದಳು,
ಜ್ವರದ ಮಗುವಿನ ಹಾಗೆ ವಾದ್ಯವನ್ನು ತಬ್ಬಿಕೊಂಡು.

ಅವಳದು ಕೊಂಕಣಿ, ಅವರದು ತುಳು, ನಡುವೆ ದುಭಾಷಿ ನಾನು,
ಮನೆಯಲ್ಲಿ ಬ್ಯಾರಿ ಮಾತಾಡುವವನು;
ಒಂದು ಮಾತನ್ನೂ ಸರಿಯಾಗಿ ದಾಟಿಸಲಿಲ್ಲ.
ಬಿ ಫ್ಲ್ಯಾಟ್, ಅಂದಳು. ಮಂದ್ರದ್ದು, ಅಂದರು.
ದೀಪ ಆರಿಸು, ಅಂದರು.

ಆರಿಸಿದೆ. ಕಿಟಕಿಗೆ ಗೋಣಿ ಇಳಿಬಿಟ್ಟೆ.
ಉದ್ದ ವಯರಿನ ತುದಿಗೆ ಹುಣಸೆಬೀಜದಷ್ಟು ಬಲ್ಬು;
ಅದನ್ನು ಕೊಳವೆಯ ಬಾಯಿಂದ ಮೆಲ್ಲ ಒಳಗಿಳಿಸಿ
ಬಿಲ್ಲೆಗಳನ್ನೆಲ್ಲ ಬೆರಳಲ್ಲಿ ಮುಚ್ಚಿ ಹಿಡಿದರು.
ಕತ್ತಲೆ. ಮೂವರ ಉಸಿರು. ಕೆಳಗೆ ಟೈಲರನ ಮಿಷನ್ನು.
ಆಮೇಲೆ ಕಂಡಿತು,
ಮುಚ್ಚಿದ್ದರ ಅಂಚಿನಲ್ಲಿ
ಕೂದಲೆಳೆಯಷ್ಟು ಹಳದಿ.
ಇಲ್ಲಿ, ಅಂದರು. ಬೆಳಕು ಬಂದಲ್ಲಿ ಗಾಳಿ ಹೋಗ್ತದೆ.

ಗಲ್ಫಿನಿಂದ ಯಾರೋ ತಂದ ಪರ್ಸಿನ ಒಳಚರ್ಮ
ದುಂಡಗೆ ಕತ್ತರಿಸಿ, ಅರಗು ಕರಗಿಸಿ
ಕೂರಿಸಿದರು. ಊದಲಿಲ್ಲ. ಬರೀ ಬಿಲ್ಲೆ ತಟ್ಟಿ
ಕಿವಿಗೊಟ್ಟರು, ಹಲಸು ತಟ್ಟಿ ಹಣ್ಣು ನೋಡುವ ಹಾಗೆ.
ಬನ್ನಿ ಕೇಳಲಿಕ್ಕೆ, ಅಂದದ್ದಕ್ಕೆ
ರಾತ್ರಿ ಗುಳಿಗೆ ಉಂಟು, ಎಂದು ಕಿಟಕಿಯ ಗೋಣಿ ಎತ್ತಿದರು.

ಎಂಟು ಗಂಟೆ. ಡ್ರಮ್ಮಿನವನು ಬ್ರಷ್ಷು ಹಿಡಿದು
ಅಂಗಳ ಗುಡಿಸುವವನಂತೆ ಬಾರಿಸುತ್ತಿದ್ದ,
ದೊಡ್ಡ ಪಿಟೀಲಿನವನು ನಿದ್ದೆಯಲ್ಲಿ ನಡೆಯುತ್ತಿದ್ದ.
ದೋಣಿಯ ನೆರಳಲ್ಲಿ ಮೊಗವೀರ ಹೆಂಗಸರು,
ಒಂದು ಕಿವಿ ಇತ್ತ, ಒಂದು ಕಿವಿ ನೀರಿಗಿಳಿಯುವ ಮಕ್ಕಳತ್ತ.
ಇಮೆಲ್ಡಾ ಕೆರೆಯ ಮೆಟ್ಟಿಲಿಳಿಯುವವಳ ಹಾಗೆ
ಸ್ವರದಿಂದ ಸ್ವರಕ್ಕಿಳಿದಳು,
ಕೊನೆಯ ಮೆಟ್ಟಿಲ ಮೇಲೆ ನಿಂತಳು.
ಆ ಮಂದ್ರ ನನ್ನ ಚಪ್ಪಲಿಯೊಳಗೆ ಬಂತು.
ಫೇಡರಿನ ಮೇಲೆ ಒಂದು ಕೈ; ಇನ್ನೊಂದರಲ್ಲಿ ಫೋನು,
ಶೇರಿಗಾರರಿಗೆ ಹಚ್ಚಿ ಸ್ಪೀಕರಿನತ್ತ ಎತ್ತಿ ಹಿಡಿದೆ.

ಅತ್ತ ಕಡಲೆಂಬುದು ಕರಿ ಕೊಳವೆ; ದೂರ ದೂರ
ರಾತ್ರಿ ಬೋಟುಗಳ ಹಳದಿ ಚುಕ್ಕೆ.
ಎಷ್ಟು ಕಡೆ ಸೋರ್ತದಪ್ಪ ಇದು, ಅಂದುಕೊಂಡೆ.

ಚಪ್ಪಾಳೆ ಮುಗಿಯಿತು. ಫೋನು ಕಿವಿಗಿಟ್ಟರೆ
ಬಹಳ ಹೊತ್ತು ಬರೀ ಉಸಿರು.
ಆಮೇಲೆ ಹಲ್ಲಿಲ್ಲದ ದನಿ:
ಕೆಳಗಿಂದ ಎರಡನೆಯದ್ದು ಇನ್ನೂ ಸ್ವಲ್ಪ ಉಂಟು.
ನಾಳೆ ಬೆಳಿಗ್ಗೆ ತರಲಿಕ್ಕೆ ಹೇಳು.